ಲಾಯರಮ್ಮ ಒಪ್ಪಿಕೊಂಡ ದಿನ

ನನ್ನ ನಾದಿನಿಗೆ ಕಿವಿ ಕೇಳಿಸುತ್ತಿಲ್ಲ ಎಂದು ನನಗೆ ಮೊದಲ ಸಲ ಅನುಮಾನ ಬಂದದ್ದು ಅವಳು ನನ್ನ ಮಾತನ್ನು ಒಪ್ಪಿಕೊಂಡಾಗ.

ಬೇರೆಯವರ ಮನೆಯಲ್ಲಿ ಇದು ಸಂತೋಷದ ಸುದ್ದಿ. ನಮ್ಮಲ್ಲಿ ಹಾಗಲ್ಲ. ನಲವತ್ತೆರಡು ವರ್ಷದಲ್ಲಿ ಒಂದೇ ಒಂದು ಸಿನಿಮಾದ ವಿಷಯಕ್ಕೂ ನಾವಿಬ್ಬರೂ ಒಂದೇ ಮಾತು ಆಡಿದವರಲ್ಲ. ನಾನು ಚೆನ್ನಾಗಿತ್ತು ಅಂದರೆ ಅವಳು "ಎಲ್ಲಿ ಚೆನ್ನಾಗಿತ್ತು, ಸ್ವಲ್ಪ ತೋರಿಸು" ಅನ್ನುತ್ತಾಳೆ. ನನಗೆ ಅಳು ಬಂತು ಅಂದರೆ "ನಿನಗೆ ಈರುಳ್ಳಿ ಹೆಸರು ಕೇಳಿದರೂ ಅಳು ಬರುತ್ತೆ" ಅನ್ನುತ್ತಾಳೆ. ಮಿಲ್ಲಿನಲ್ಲಿ ಅವಳಿಗೆ ಲಾಯರಮ್ಮ ಎಂದು ಹೆಸರು ಬಿದ್ದದ್ದು ಸುಮ್ಮನೆ ಅಲ್ಲ.

ನಾವಿಬ್ಬರೂ ಬಟ್ಟೆ ಮಿಲ್ಲಿನ ಮಗ್ಗದ ಶೆಡ್ಡಿನಲ್ಲಿ ದುಡಿದವರು. ಎದುರುಬದುರು ಮಗ್ಗ. ಇನ್ನೂರು ಮಗ್ಗಗಳು ಒಟ್ಟಿಗೆ ಓಡುವಾಗ ಪಕ್ಕದಲ್ಲಿ ನಿಂತವಳು ಕಿರುಚಿಕೊಂಡರೂ ಕೇಳುವುದಿಲ್ಲ. ಅದಕ್ಕೆ ಅಲ್ಲಿ ಯಾರೂ ಕಿರುಚುತ್ತಿರಲಿಲ್ಲ. ದನಿಯನ್ನು ಪೂರ್ತಿ ಬಿಟ್ಟು, ತುಟಿಯನ್ನು ದೊಡ್ಡದಾಗಿ ಆಡಿಸಿ, ಜೊತೆಗೆ ಹುಬ್ಬು, ಬೆರಳು ಸೇರಿಸಿ ಮಾತಾಡುತ್ತಿದ್ದೆವು. ಅದಕ್ಕೆ ತುಟಿಮಾತು ಅನ್ನುತ್ತಿದ್ದೆವು. ಹೊಸದಾಗಿ ಸೇರಿದ ಹುಡುಗಿಯರು ಆರು ತಿಂಗಳಲ್ಲಿ ಅದನ್ನು ಕಲಿಯುತ್ತಿದ್ದರು. ಆಮೇಲೆ ನಾಲ್ಕು ಸಾಲು ಆಚೆ ನಿಂತವಳು ಸೂಪರ್‌ವೈಸರ್‌ಗೆ ಬೈದರೂ ಈಚೆ ನಾವು ನಗುತ್ತಿದ್ದೆವು, ಅವರಿಗೆ ಮಾತ್ರ ಏನೂ ತಿಳಿಯುತ್ತಿರಲಿಲ್ಲ.

ಸಂಜೆ ಕೆಲಸ ಬಿಟ್ಟ ಮೇಲೆ ನಾನು ರಾತ್ರಿ ಶಾಲೆಗೆ ಹೋಗುತ್ತಿದ್ದೆ. ಅವಳನ್ನೂ ಕರೆದಿದ್ದೆ. "ಅಕ್ಷರ ಎಲ್ಲಿಗೂ ಓಡಿಹೋಗಲ್ಲ ಅತ್ತಿಗೆ, ಸಿನಿಮಾ ಶುಕ್ರವಾರ ಬದಲಾಗಿಬಿಡುತ್ತೆ" ಎಂದು ಅವಳು ಥಿಯೇಟರಿಗೆ ಹೋದಳು. ಮಾರನೆಯ ದಿನ ಮಗ್ಗದ ಆಚೆಯಿಂದ ಇಡೀ ಕಥೆಯನ್ನು ತುಟಿಮಾತಿನಲ್ಲಿ ನನಗೆ ಹೇಳುತ್ತಿದ್ದಳು. ನೂಲು ಕಡಿದಾಗ ಇಂಟರ್ವಲ್. ಹೀಗೆ ಎಷ್ಟೋ ಸಿನಿಮಾ ನಾನು ನೋಡಿದ್ದು ಅವಳ ಮುಖದ ಮೇಲೆ. ವರ್ಷಗಳಾದ ಮೇಲೆ ಅದರಲ್ಲಿ ಒಂದು ಟೀವಿಯಲ್ಲಿ ಬಂತು. ಅವಳು ಹೇಳಿದ ಕಥೆಯಲ್ಲಿ ನಾಯಕಿ ಆ ಕುಡುಕನನ್ನು ಬಿಟ್ಟು ಪೆಟ್ಟಿಗೆ ಹಿಡಿದು ರೈಲು ಹತ್ತಿದ್ದಳು. ಟೀವಿಯಲ್ಲಿ ನೋಡಿದರೆ ಅವನನ್ನೇ ಮದುವೆಯಾಗಿ ನಗುತ್ತಾ ನಿಂತಿದ್ದಾಳೆ! ಕೇಳಿದ್ದಕ್ಕೆ, "ಅವರು ತಪ್ಪು ತೆಗೆದಿದ್ದರು, ನಾನು ಸರಿಮಾಡಿ ಹೇಳಿದೆ" ಅಂದಳು. ಮುಖದ ಮೇಲೆ ಒಂದು ಗೆರೆ ನಾಚಿಕೆ ಇಲ್ಲ.

ಇಂಥವಳು ಒಂದು ಮಂಗಳವಾರ ಮಧ್ಯಾಹ್ನ ನನ್ನ ಮಾತಿಗೆ "ಹೌದು, ಸರಿ" ಅಂದಳು.

ಆಗ ನಾವಿಬ್ಬರೂ ಒಂದು ಧಾರಾವಾಹಿ ಹಿಡಿದಿದ್ದೆವು. ನನ್ನ ಮನೆಯಲ್ಲಿ ನಾನು, ಅವಳ ಮನೆಯಲ್ಲಿ ಅವಳು. ಮಂಗಳವಾರ, ಶುಕ್ರವಾರ ನಾನು ಟೈಲರ್ ಅಂಗಡಿಯ ಕಾಜಾ ಕೆಲಸ ಮುಗಿಸಿ ಎರಡು ಬೀದಿ ದಾಟಿ ಅವಳ ಮನೆಗೆ ಹೋದಾಗ ಅದರ ವಿಚಾರಣೆ. ಒಂದು ದ್ವೀಪ, ಅಲ್ಲಿ ಒಬ್ಬಳೇ ಡಾಕ್ಟರಮ್ಮ. ಗಂಡ ಸಮುದ್ರಕ್ಕೆ ಹೋದವನು ಏಳು ವರ್ಷ ಪತ್ತೆಯಿಲ್ಲ. ಅವಳು ಕಾದು ಕಾದು, ಕೊನೆಗೆ ಒಬ್ಬ ದೋಣಿಯವನನ್ನು ಮದುವೆಯಾಗಲು ಮನಸ್ಸು ಮಾಡುವ ಹೊತ್ತಿಗೆ ಗಂಡ ಬಂದು ಬಾಗಿಲು ತಟ್ಟುತ್ತಾನೆ. ಡಾಕ್ಟರಮ್ಮ ಅವನನ್ನು ಒಳಗೆ ಕರೆದುಕೊಳ್ಳುತ್ತಾಳೆ.

"ಕರ್ಕೊಂಡಿದ್ದು ಸರಿ ಅನ್ಸುತ್ತೆ ನನಗೆ," ಅಂದೆ. ಬೇಕಂತಲೇ ಅಂದೆ. ಈ ಒಂದು ಮಾತಿಗೆ ಅವಳು ನನ್ನನ್ನು ಸಂಜೆತನಕ ಬಿಡುವುದಿಲ್ಲ ಎಂದುಕೊಂಡಿದ್ದೆ.

"ಹೌದು, ಸರಿ," ಅಂದಳು.

ನಾನು ಕೈಯಲ್ಲಿದ್ದ ಟೀ ಲೋಟ ಕೆಳಗಿಟ್ಟೆ.

"ದೋಣಿಯವನು ಮರೆತುಬಿಡ್ತಾನೆ ಬಿಡು."

"ಮರೀತಾನೆ."

ಮೈ ಹುಷಾರಿಲ್ಲವೇನೋ ಅಂದುಕೊಂಡೆ. ಆಮೇಲೆ ನಾನು ಮಾಡಿದ ಕೆಲಸ ನೆನೆದರೆ ಇವತ್ತಿಗೂ ಮುಖ ಬಿಸಿಯಾಗುತ್ತದೆ. "ಆ ಕುದುರೆ ಸತ್ತದ್ದು ಮಾತ್ರ ನೋಡೋಕಾಗಲಿಲ್ಲ," ಅಂದೆ. ಆ ಧಾರಾವಾಹಿಯಲ್ಲಿ ಕುದುರೆಯೇ ಇಲ್ಲ. ದೋಣಿಗಳಿವೆ, ಒಂದು ಮುದಿ ನಾಯಿ ಇದೆ.

"ಅಯ್ಯೋ, ಕರುಳು ಚುರುಕ್ ಅಂತು ಅತ್ತಿಗೆ," ಅಂದಳು ನನ್ನ ನಾದಿನಿ. ಹೇಳಿ, ಲೋಟ ತೊಳೆಯುವ ನೆಪ ಮಾಡಿ ಅಡುಗೆಮನೆಗೆ ಎದ್ದುಹೋದಳು.

ನಾನೂ ಹಿಂದೆ ಹೋದೆ. ಪಾತ್ರೆ ತೊಳೆಯುವ ನಲ್ಲಿಯ ಮೇಲೆ ಗೋಡೆಗೆ ಒಂದು ದುಂಡು ಕನ್ನಡಿ ನೇತುಹಾಕಿದ್ದಳು. ತಿಂಗಳುಗಳಿಂದ ಅಲ್ಲೇ ಇತ್ತು. ಮುದುಕಿಗೆ ಶೋಕಿ ಜಾಸ್ತಿ ಎಂದು ನಾನೇ ಆಡಿಕೊಂಡಿದ್ದೆ. ಅವತ್ತು ನೋಡಿದೆ, ಆ ಕನ್ನಡಿಯಲ್ಲಿ ಅವಳ ಮುಖ ಕಾಣುವುದಿಲ್ಲ. ಹಜಾರ ಕಾಣುತ್ತದೆ, ಹಜಾರದ ಚಾಪೆಯ ಮೇಲೆ ಡಬ್ಬಿ ಜೋಡಿಸುತ್ತಾ ಕೂತ ಮೊಮ್ಮಗಳು ಕಾಣುತ್ತಾಳೆ. ನಾನು ಕನ್ನಡಿಗೆ ಸಿಗದ ಹಾಗೆ ಬಾಗಿಲ ಮರೆಯಲ್ಲಿ ನಿಂತು, "ಲಾಯರಮ್ಮ, ನಿನ್ನ ಬೆನ್ನ ಮೇಲೆ ಹಲ್ಲಿ," ಅಂದೆ. ಗಟ್ಟಿಯಾಗಿಯೇ ಅಂದೆ. ಹಲ್ಲಿ ಎಂದರೆ ಅವಳು ಮಂಚದ ಮೇಲೆ ಹತ್ತಿ ನಿಲ್ಲುವವಳು.

ಅವಳು ಲೋಟ ತೊಳೆದಳು, ಬೋರಲು ಹಾಕಿದಳು, ಇನ್ನೊಂದು ಲೋಟ ತೆಗೆದುಕೊಂಡಳು.

ಹತ್ತಿರ ಹೋಗಿ ಭುಜ ಮುಟ್ಟಿದೆ. ತಿರುಗಿದಳು. ನನ್ನ ಮುಖ ನೋಡಿದ ಕೂಡಲೇ ಅವಳಿಗೆ ಎಲ್ಲಾ ತಿಳಿಯಿತು. ತುಟಿ ಓದುವವರಿಗೆ ಕಣ್ಣು ಓದುವುದು ಯಾವ ಲೆಕ್ಕ?

"ಎಷ್ಟು ದಿನದಿಂದ?" ಅಂದೆ.

"ಎಡದ್ದು ಹೋಗಿ ಮೂರು ವರ್ಷ. ಬಲದ್ದು ಒಂದು ವರ್ಷದಿಂದ ಸ್ವಲ್ಪ ಸ್ವಲ್ಪವೇ ಬಾಗಿಲು ಹಾಕ್ಕೊಂತಾ ಬಂತು. ಈಗ ಏನಿಲ್ಲ. ಪೂರ್ತಿ ರಜಾ."

"ಮಗನಿಗೆ ಗೊತ್ತಿಲ್ವಾ?"

"ಅವನು ಫೋನು ನೋಡ್ಕೊಂಡೇ ಮಾತಾಡ್ತಾನೆ, ನಾನು ಹ್ಞೂಂ ಅಂತೀನಿ. ಹ್ಞೂಂ ಅನ್ನೋ ಅಮ್ಮನ ಮೇಲೆ ಯಾವ ಮಗ ಅನುಮಾನ ಪಡ್ತಾನೆ ಹೇಳು?"

"ಸೊಸೆಗೆ?"

"ಅವಳು ಒಳ್ಳೆಯವಳು, ಮುಖ ನೋಡಿ ಮಾತಾಡ್ತಾಳೆ. ಅದಕ್ಕೇ ಸಿಕ್ಕಿಬಿದ್ದಿಲ್ಲ."

ಹೇಳುತ್ತಾ ನಗುತ್ತಿದ್ದಳು. ಆಮೇಲೆ ಹಜಾರದ ಕಡೆ ತಿರುಗಿದಳು, ನಗು ನಿಂತಿತು.

"ಗೊತ್ತಾದರೆ ನಾಳೆಯಿಂದಲೇ ಮಗು ಡೇಕೇರ್‌ಗೆ ಅತ್ತಿಗೆ. ಸೊಸೆ ತಪ್ಪು ಅನ್ನಲ್ಲ. ಅವಳ ಜಾಗದಲ್ಲಿ ನಾನಿದ್ದರೂ ಅದೇ ಮಾಡ್ತಿದ್ದೆ. ಆದರೆ ನನಗೆ ದಿನಕ್ಕೆ ಇರೋದೇ ಆ ಆರು ಗಂಟೆ. ಕಿವಿ ಹೋದರೆ ಹೋಗಲಿ, ಅದು ಹೋಗಬಾರದು."

ಮೊಮ್ಮಗಳಿಗೆ ನಾಲ್ಕು ವರ್ಷ. ಮಾತು ಚುರುಕು, ನೋಟ ಚುರುಕು. ಮನೆಯಲ್ಲಿ ಅವಳಿಗೆ ಮೆಣಸು ಎಂದೇ ಹೆಸರು. ಮಗ ಲಿಫ್ಟ್ ರಿಪೇರಿ ಕೆಲಸದವನು, ಬೆಳಿಗ್ಗೆ ಹೋದರೆ ಯಾವ ಕಟ್ಟಡದ ಎಷ್ಟನೇ ಮಹಡಿಯಲ್ಲಿ ಇರುತ್ತಾನೋ ಹೇಳುವ ಹಾಗಿಲ್ಲ. ಸೊಸೆ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ. ಮಧ್ಯಾಹ್ನ ಶಿಶುವಿಹಾರದಿಂದ ಮಗುವನ್ನು ಕರೆದುಕೊಂಡು ಬಂದು ಸಂಜೆ ಏಳರವರೆಗೆ ನೋಡಿಕೊಳ್ಳುವುದು ನಾದಿನಿಯ ಪಾಲು.

"ಮಗು ಒಳಗಿಂದ ಚಿಲಕ ಹಾಕಿಕೊಂಡು ಕೂಗಿದರೆ?" ಅಂದೆ.

ನನ್ನ ಕೈ ಹಿಡಿದು ಮನೆಯೆಲ್ಲಾ ಸುತ್ತಿಸಿದಳು. ಬಚ್ಚಲಿನ ಬಾಗಿಲಿಗೆ ಒಳಚಿಲಕ ಇಲ್ಲ. ಮಲಗುವ ಕೋಣೆಗೆ ಇಲ್ಲ. ಬಾಲ್ಕನಿ ಬಾಗಿಲಿಗೆ ಚಿಲಕ ಇದೆ, ಆದರೆ ನನ್ನ ತಲೆಗಿಂತ ಒಂದು ಗೇಣು ಮೇಲೆ. ತಾನೇ ಸ್ಕ್ರೂಡ್ರೈವರ್ ಹಿಡಿದು ಮಾಡಿದ್ದಂತೆ. ಕನ್ನಡಿ ಒಂದಲ್ಲ, ಮೂರು. ಬಟ್ಟೆ ಒಣಗಿಸುವಲ್ಲಿ ಒಂದು, ಒಲೆಯ ಪಕ್ಕ ಒಂದು. "ಕಿವಿ ಇದ್ದವರು ಮಗುವನ್ನ ಆಗಾಗ ನೋಡ್ತಾರೆ. ನಾನು ಕಣ್ಣು ತೆಗೆಯೋದೇ ಇಲ್ಲ," ಅಂದಳು.

ಆಮೇಲೆ ಸೋಫಾದ ತುದಿಯಲ್ಲಿ ಕೂತು, ಕೇಳಬೇಕೋ ಬೇಡವೋ ಎಂಬಂತೆ ಕೇಳಿದಳು. "ಅತ್ತಿಗೆ, ಇನ್ನೊಂದು ಭಯ ನನಗೆ. ಟೀವಿಯಲ್ಲಿ ಬೇರೆ ಧಾರಾವಾಹಿಯವರ ಮಾತೆಲ್ಲಾ ತುಟಿ ನೋಡಿದರೆ ಮುಕ್ಕಾಲು ತಿಳಿಯುತ್ತೆ. ಈ ಡಾಕ್ಟರಮ್ಮನ ತುಟಿ ಮಾತ್ರ ಒಂದಕ್ಷರ ಗುರುತು ಸಿಗಲ್ಲ. ಮೂರು ವಾರದಿಂದ ನೋಡ್ತಿದ್ದೀನಿ. ಕೆಳಗೆ ಅಕ್ಷರ ಓಡ್ತವೆ, ನಾನು ಮೊದಲನೇದು ಕೂಡಿಸೋಷ್ಟರಲ್ಲಿ ಸಾಲು ಹಾರಿಹೋಗುತ್ತೆ. ನೀನು ಕುದುರೆ ಅಂದೆ, ನನಗೆ ಯಾವ ಕುದುರೆಯೂ ನೆನಪಿಲ್ಲ. ಕಿವಿ ಆಯ್ತು, ಈಗ ಬುದ್ಧೀನೂ ಹೋಗ್ತಿದೆಯಾ?"

ನಾನು ಮೊದಲು ಟೀವಿಯ ಕಡೆ ನೋಡಿದೆ. ಆಮೇಲೆ ನಗು ಬಂತು, ನಗುವಿನ ಜೊತೆಗೆ ಅಳುವೂ ಬಂತು.

"ಹುಚ್ಚಿ, ಅದು ಡಬ್ ಮಾಡಿದ್ದು ಕಣೆ! ಬೇರೆ ಭಾಷೆಯ ಧಾರಾವಾಹಿ. ತುಟಿ ಅವರದು, ದನಿ ನಮ್ಮವರದು."

ಅವಳು ನನ್ನ ಬಾಯನ್ನೇ ನೋಡಿದಳು. "ಇನ್ನೊಂದು ಸಲ ಹೇಳು," ಅಂದಳು. ಹೇಳಿದೆ. ದಿಂಬು ತೆಗೆದು ಟೀವಿಗೆ ಹೊಡೆದಳು. "ಮೂರು ವಾರ! ಮೂರು ವಾರ ನಾನು ದಿನಾ ಬೆಳಿಗ್ಗೆ ಎದ್ದು ಮಗನ ಹೆಸರು, ಸೊಸೆಯ ಹೆಸರು, ಬಸ್ಸಿನ ನಂಬರು ಎಲ್ಲಾ ಹೇಳಿಕೊಂಡು ಪರೀಕ್ಷೆ ಮಾಡ್ಕೊಂತಿದ್ದೆ!"

ಮೆಣಸು ಡಬ್ಬಿ ಬಿಟ್ಟು ಓಡಿಬಂದಳು. ಅಜ್ಜಿಯ ತೊಡೆ ಹತ್ತಿ, ಎರಡು ಕೈಯಲ್ಲಿ ಅಜ್ಜಿಯ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, "ಯಾಕೆ ಹೊಡೆದೆ?" ಎಂದು ಕೇಳಿದಳು. ಗಲ್ಲ ಹಿಡಿಯುವುದು ಮುದ್ದಿಗೆ ಎಂದೇ ನಾನು ಇಷ್ಟು ದಿನ ತಿಳಿದಿದ್ದೆ.

ಅವತ್ತೇ ಸೊಸೆಗೆ ಹೇಳಿಬಿಡು ಎಂದು ನಾನು ಹಟ ಹಿಡಿಯಬೇಕಿತ್ತು. ಹಿಡಿಯಲಿಲ್ಲ. ಇನ್ನು ನಾಲ್ಕು ತಿಂಗಳಿಗೆ ಮಗು ದೊಡ್ಡ ಶಾಲೆಗೆ ಸೇರುತ್ತದೆ, ಆಗ ನಾನೇ ಹೇಳುತ್ತೇನೆ, ಅಲ್ಲಿಯವರೆಗೆ ಬಾಯಿ ಬಿಡಬೇಡ ಎಂದು ಅವಳು ಕೈ ಹಿಡಿದುಕೊಂಡಳು. ನಾನು ಒಂದು ಷರತ್ತು ಹಾಕಿದೆ. ದಿನಾ ಮಧ್ಯಾಹ್ನ ನಾನೂ ಬಂದು ಕೂರುತ್ತೇನೆ, ಅಂಗಡಿಯ ಗುಂಡಿ ಕೆಲಸ ಇಲ್ಲೇ ತಂದು ಮಾಡುತ್ತೇನೆ. "ಕಿವಿ ಬಾಡಿಗೆಗೆ ಬಂತು," ಅಂದಳು. ಷರತ್ತು ಹಾಕಿದ್ದೇನಲ್ಲಾ, ಅದೇ ಜವಾಬ್ದಾರಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಆಮೇಲಿನ ಎರಡು ತಿಂಗಳು ನಾವು ಧಾರಾವಾಹಿ ನೋಡಿದ ರೀತಿಯನ್ನು ಹೊರಗಿನವರು ನೋಡಿದ್ದರೆ ಮೂವರಿಗೂ ತಲೆ ಕೆಟ್ಟಿದೆ ಅನ್ನುತ್ತಿದ್ದರು. ನಾನು ಟೀವಿಯ ಪಕ್ಕ ಸ್ಟೂಲಿನ ಮೇಲೆ ಓರೆಯಾಗಿ ಕೂರುತ್ತಿದ್ದೆ. ಒಂದು ಕಿವಿ ಟೀವಿಗೆ, ಮುಖ ನಾದಿನಿಗೆ. ಡಾಕ್ಟರಮ್ಮ ಅಂದದ್ದನ್ನು ನಾನು ತುಟಿಮಾತಿನಲ್ಲಿ ದಾಟಿಸುವುದು. ಮಗ್ಗ ಬಿಟ್ಟು ಹದಿನಾರು ವರ್ಷವಾಗಿದ್ದರೂ ತುಟಿ ಏನನ್ನೂ ಮರೆತಿರಲಿಲ್ಲ. ಮೊದಮೊದಲು ನಾನು ಕಥೆಯ ಜೊತೆಗೆ ಒಂದೆರಡು ನನ್ನ ಮಾತನ್ನೂ ಸೇರಿಸುತ್ತಿದ್ದೆ. "ಅವಳು ಅಳ್ತಿದ್ದಾಳೆ, ಪಾಪ, ಅವಳದೇನೂ ತಪ್ಪಿಲ್ಲ" ಎಂದು.

"ಏಯ್," ಅನ್ನುತ್ತಿದ್ದಳು. "ಅಳ್ತಿದ್ದಾಳೆ ಅನ್ನೋದು ನನಗೂ ಕಾಣುತ್ತೆ. ತಪ್ಪಿದೆಯೋ ಇಲ್ವೋ ನಾನು ನೋಡ್ಕೊಂತೀನಿ. ನೀನು ಮಾತು ಮಾತ್ರ ಹೇಳು. ಅಭಿಪ್ರಾಯ ನನ್ನದು."

"ಅಭಿಪ್ರಾಯ ಸೇರಿಸೋದು ಕಲಿಸಿದವಳು ನೀನೇ ಅಲ್ವಾ?"

"ನಾನು ಸೇರಿಸಿದ್ದು ಸರಿಯಾಗಿರ್ತಿತ್ತು."

ಒಂದು ಮಾತು ಒಪ್ಪಬೇಕು. ನಾನು ಕಿವಿ ಕೊಟ್ಟು ನೋಡಿದ್ದಕ್ಕಿಂತ ಹೆಚ್ಚು ಅವಳು ಕಿವಿಯಿಲ್ಲದೆ ನೋಡುತ್ತಿದ್ದಳು. "ಆ ದೋಣಿಯವನು ಅವಳು ಎದುರಿಗೆ ಬಂದಾಗೆಲ್ಲಾ ಕೈ ಪ್ಯಾಂಟಿಗೆ ಒರೆಸಿಕೊಳ್ತಾನೆ, ನೋಡಿದ್ಯಾ? ಒದ್ದೆಯಿರಲಿ ಬಿಡಲಿ. ಗಂಡ ಅನ್ನೋನು ಬಂದಾಗಿಂದ ಅವಳ ಕಡೆ ನೇರ ನೋಡೇ ಇಲ್ಲ, ಕಿಟಕಿ ನೋಡ್ತಾನೆ," ಅಂದಳು. ನಾನು ನಲವತ್ತು ಕಂತು ನೋಡಿದ್ದೆ. ಒರೆಸಿದ ಕೈಯೂ ಕಂಡಿರಲಿಲ್ಲ, ಕಿಟಕಿಯೂ ಕಂಡಿರಲಿಲ್ಲ.

ನಮ್ಮಿಬ್ಬರ ನಡುವೆ ಮೆಣಸು. ಮೊದಲು ನಮ್ಮನ್ನು ನೋಡಿ ಕಿಲಕಿಲ ನಗುತ್ತಿದ್ದಳು. ಆಮೇಲೆ ತಾನೂ ಶುರು ಮಾಡಿದಳು. ದನಿ ತೆಗೆಯದೆ ಬಾಯಿ ಅಗಲ ಮಾಡಿ, ಹುಬ್ಬು ಏರಿಸಿ, "ಅಜ್ಜಿ, ನೀರು ಬೇಕು." ಅಜ್ಜಿ ತಕ್ಷಣ ಎದ್ದು ನೀರು ಕೊಡುತ್ತಿದ್ದಳು. ಗಟ್ಟಿಯಾಗಿ ಕೇಳಿದರೆ ಸಿಗದ ನೀರು ಸದ್ದಿಲ್ಲದೆ ಕೇಳಿದರೆ ಸಿಗುತ್ತದೆ ಎಂದು ಕಂಡುಕೊಂಡ ಮಗು ಯಾಕೆ ಕೂಗುತ್ತದೆ? ಮಧ್ಯಾಹ್ನವೆಲ್ಲಾ ಆ ಮನೆಯಲ್ಲಿ ಡಾಕ್ಟರಮ್ಮನದೊಂದೇ ದನಿ. ನಾವು ಮೂವರೂ ಸದ್ದಿಲ್ಲದೆ ಜಗಳವಾಡುತ್ತಿದ್ದೆವು. ಹಾಗೆ ಕಳೆದ ಮಧ್ಯಾಹ್ನಗಳಷ್ಟು ಹಗುರಾದ ದಿನಗಳು ನನ್ನ ಬಾಳಿನಲ್ಲಿ ಹೆಚ್ಚಿಲ್ಲ.

ಒಂದು ಭಾನುವಾರ ಊಟಕ್ಕೆ ಎಲ್ಲರೂ ಕೂತಾಗ ಸೊಸೆಯೂ ಅದೇ ಧಾರಾವಾಹಿಯ ಮಾತು ತೆಗೆದಳು. ಲ್ಯಾಬಿನಲ್ಲಿ ಎಲ್ಲರೂ ಅದನ್ನೇ ನೋಡುತ್ತಾರಂತೆ.

"ಅತ್ತೆ, ಡಾಕ್ಟರಮ್ಮ ಮಾಡಿದ್ದು ಸರೀನಾ?" ಎಂದು ಮುಖ ನೋಡಿಯೇ ಕೇಳಿದಳು.

"ಏನು ಸರಿ? ಏಳು ವರ್ಷ ಆದಮೇಲೆ ಬಂದವನು ಮೊದಲು ಕೇಳಿದ್ದೇನು? ನನ್ನ ಕೋಟು ಎಲ್ಲಿ ಅಂತ. ನೀನು ಹೇಗಿದ್ದೆ ಅಂತ ಕೇಳಿದ್ನಾ? ಕೋಟು ಕೊಟ್ಟು ಕಳಿಸಬೇಕಿತ್ತು!"

"ಗಂಡ ಅಲ್ವಾ ಅತ್ತೆ, ಎಷ್ಟು ಕಷ್ಟಪಟ್ಟು ಬಂದಿದ್ದಾನೆ."

"ಕಷ್ಟಪಟ್ಟಿದ್ದಾನೆ. ಕಷ್ಟಪಟ್ಟವರಿಗೆಲ್ಲಾ ಮನೆ ಕೊಡೋಕೆ ಅವಳೇನು ಛತ್ರ ಇಟ್ಟಿದ್ದಾಳಾ?"

ಮಗ ತಟ್ಟೆಯಿಂದ ತಲೆ ಎತ್ತದೆ ಏನೋ ಅಂದ. ನಾನು ಥಟ್ಟನೆ ಎದುರಿನಿಂದ ತುಟಿಯಲ್ಲಿ ದಾಟಿಸಿದೆ. 'ಅಮ್ಮನ ಜೊತೆ ವಾದ ಬೇಡ, ಸೋಲ್ತೀಯ ಅಂತಿದ್ದಾನೆ.' ಅವಳು ಮಗನ ಬೆನ್ನಿಗೆ ಒಂದು ಕೊಟ್ಟಳು. ಎಲ್ಲರೂ ನಕ್ಕರು. ನಾದಿನಿ ನನ್ನ ಕಡೆ ನೋಡಿದ ನೋಟದಲ್ಲಿ ಗೆದ್ದ ಹೆಮ್ಮೆ ಇತ್ತು. ಮೆಣಸು ಮಾತ್ರ ನನ್ನ ತುಟಿಯನ್ನೇ ನೋಡುತ್ತಿದ್ದಳು.

ಅದಾದ ಮುಂದಿನ ಗುರುವಾರ, ನಾಲ್ಕು ಗಂಟೆಗೆ ಸೊಸೆ ಮನೆಗೆ ಬಂದಳು. ಅವಳು ಯಾವತ್ತೂ ಅಷ್ಟು ಬೇಗ ಬಂದವಳಲ್ಲ. ನಾನು ಬಾಗಿಲು ತೆಗೆದೆ. ಚೀಲ ಕೆಳಗಿಡದೆ, ಚಪ್ಪಲಿ ಬಿಡದೆ, ಚಾಪೆಯ ಮೇಲಿದ್ದ ಮಗುವನ್ನು ಎತ್ತಿಕೊಂಡು ಸೋಫಾದ ಮೇಲೆ ಕೂತಳು. ಕೈಯಲ್ಲಿ ಒಂದು ಕಾಗದ.

"ಏನಾಯ್ತಮ್ಮ?" ಅಂದೆ.

"ಶಿಶುವಿಹಾರದ ಟೀಚರ್ ಕರೆಸಿದ್ದರು ದೊಡ್ಡತ್ತೆ." ಅವಳು ತನ್ನ ಅತ್ತೆಯನ್ನು ಅತ್ತೆ, ನನ್ನನ್ನು ದೊಡ್ಡತ್ತೆ ಅನ್ನುತ್ತಾಳೆ. "ಇವಳು ಕ್ಲಾಸಿನಲ್ಲಿ ದನಿ ತೆಗೆದು ಮಾತಾಡ್ತಿಲ್ವಂತೆ. ಬರೀ ಬಾಯಿ ಆಡಿಸ್ತಾಳಂತೆ. ಟೀಚರ್ ಗಲ್ಲ ಹಿಡಿದು ತನ್ನ ಕಡೆ ತಿರುಗಿಸ್ತಾಳಂತೆ. ಬೇರೆ ಮಕ್ಕಳ ಗಲ್ಲಾನೂ ಅಷ್ಟೇ. ಕಿವಿ ಕೇಳದೇ ಇರೋ ಮಕ್ಕಳು ಹೀಗೆ ಮಾಡ್ತಾರೆ, ಪರೀಕ್ಷೆ ಮಾಡಿಸಿ ಅಂದರು."

ನಾನು ಬಾಗಿಲು ಹಾಕಿ ಹತ್ತಿರ ಬಂದೆ.

"ಕೇಳುತ್ತಮ್ಮ ಅವಳಿಗೆ. ಚೆನ್ನಾಗೇ ಕೇಳುತ್ತೆ," ಅಂದೆ.

"ನಾನೂ ಹಾಗೇ ಅಂದ್ಕೊಂಡಿದ್ದೆ. ಮನೇಲೂ ನಾನು ಕರೆದರೆ ಮುಖ ನೋಡೋವರೆಗೂ ಉತ್ತರ ಕೊಡಲ್ಲ. ಆಟ ಅಂದ್ಕೊಂಡಿದ್ದೆ." ಅವಳು ಮಗುವಿನ ಕೂದಲಿನಲ್ಲಿ ಮುಖ ಇಟ್ಟುಕೊಂಡು ಹೇಳುತ್ತಿದ್ದಳು. "ಎಂಟು ತಿಂಗಳಿದ್ದಾಗ ಅಷ್ಟು ಜ್ವರ ಬಂತಲ್ಲಾ, ಆಗ ಸೂಜಿ ಹಾಕಿಸಿದ್ವಿ. ಆ ಔಷಧಿ ಕೆಲವು ಮಕ್ಕಳ ಕಿವಿಗೆ ಹೊಡೆಯುತ್ತೆ. ಹಾಕಿಸಿ ಅಂತ ಹಟ ಹಿಡಿದವಳು ನಾನು. ದಿನಾ ಊರಿನವರ ರಕ್ತ ನೋಡ್ತೀನಿ, ನನ್ನ ಮಗುವನ್ನ ನೋಡಲಿಲ್ಲ. ಸೋಮವಾರ ಹತ್ತೂವರೆಗೆ ಟೈಮ್ ತಗೊಂಡಿದ್ದೀನಿ."

ಹೇಳಿ ಅಳತೊಡಗಿದಳು. ಸದ್ದು ಮಾಡದೆ ಅಳುತ್ತಿದ್ದಳು, ಭುಜ ಮಾತ್ರ ಅಲುಗುತ್ತಿತ್ತು.

ನಾದಿನಿ ಅಡುಗೆಮನೆಯ ಬಾಗಿಲಲ್ಲಿ ಕೈ ಒರೆಸುತ್ತಾ ನಿಂತಿದ್ದಳು. ಸೊಸೆಯ ಮುಖ ಮಗುವಿನ ಕೂದಲಿನಲ್ಲಿ ಮುಚ್ಚಿಹೋಗಿತ್ತು, ನಾದಿನಿಗೆ ಒಂದು ಮಾತೂ ಸಿಕ್ಕಿರಲಿಲ್ಲ. ನನ್ನ ಕಡೆ ನೋಡಿದಳು. 'ಏನಂತೆ?'

ನಾನು ತುಟಿಯಲ್ಲಿ ಎಲ್ಲಾ ಹೇಳಿದೆ. ಟೀಚರ್, ಗಲ್ಲ, ಜ್ವರ, ಸೂಜಿ, ಸೋಮವಾರ. ಹೇಳುತ್ತಿದ್ದ ಹಾಗೆ ಅವಳ ಬಣ್ಣ ಇಳಿಯಿತು. ಆಮೇಲೆ ನಾನು ಇನ್ನೊಂದು ಮಾತು ಹೇಳಿದೆ. ಯಾಕೆ ಹೇಳಿದೆನೋ. ಅವಳ ಮುಖ ನೋಡಲಾಗದೆ ಹೇಳಿರಬೇಕು. 'ಸುಮ್ಮನಿರು. ಸೋಮವಾರ ಪರೀಕ್ಷೆಯಲ್ಲಿ ಮಗುವಿಗೆ ಏನೂ ಇಲ್ಲ ಅಂತ ಬರುತ್ತೆ. ಮೂರು ದಿನ ತಾನೇ. ನಿನ್ನದು ಯಾರಿಗೂ ಗೊತ್ತಾಗಲ್ಲ.'

"ಮೂರು ದಿನ?" ಅಂದಳು ನಾದಿನಿ. ದನಿ ತೆಗೆದೇ ಅಂದಳು. ಕಿವಿ ಹೋದವರಿಗೆ ತಮ್ಮ ದನಿಯ ಅಳತೆ ತಪ್ಪುತ್ತದೆ, ಮನೆಯೆಲ್ಲಾ ತುಂಬುವಷ್ಟು ಜೋರಾಗಿತ್ತು. "ಮೂರು ದಿನ ಇವಳು ಹೀಗೇ ಅಳ್ತಾ ಇರಬೇಕಾ? ಏನು ಮಾತಾಡ್ತೀಯ ಅತ್ತಿಗೆ!"

ಸೊಸೆ ತಲೆ ಎತ್ತಿದಳು. ಒಮ್ಮೆ ಅವಳನ್ನು ನೋಡಿದಳು, ಒಮ್ಮೆ ನನ್ನನ್ನು. ನಾನು ಏನಾದರೂ ಹೇಳಿದ್ದೇ ಅವಳಿಗೆ ಕೇಳಿಸಿರಲಿಲ್ಲ, ಈ ಉತ್ತರ ಮಾತ್ರ ಕೇಳಿಸಿತ್ತು.

ನಾದಿನಿ ಬಂದು ಸೊಸೆಯ ಎದುರು ನೆಲದ ಮೇಲೆ ಕೂತಳು. "ಅವಳಿಗಲ್ಲಮ್ಮ, ನನಗೆ. ಕಿವಿ ಹೋಗಿರೋದು ನನಗೆ. ಎರಡೂ. ಅವಳು ನನ್ನ ಜೊತೆ ಇದ್ದೂ ಇದ್ದೂ ಹೀಗೆ ಕಲಿತಿದ್ದಾಳೆ. ನನ್ನ ಗಲ್ಲ ತಿರುಗಿಸದೆ ಇದ್ದರೆ ನನಗೆ ತಿಳಿಯಲ್ಲ ಅಂತ ಅವಳಿಗೆ ಗೊತ್ತು. ನಿಮಗೆ ಯಾರಿಗೂ ಗೊತ್ತಾಗೋ ಮುಂಚೆ ಅವಳಿಗೆ ಗೊತ್ತಾಗಿದೆ. ನಿನ್ನ ಸೂಜಿಯಿಂದ ಏನೂ ಆಗಿಲ್ಲ."

ಸೊಸೆ ಮಗುವನ್ನು ತೊಡೆಯ ಮೇಲೆ ನೇರ ಕೂರಿಸಿದಳು. ಆಮೇಲೆ ಮಗುವಿನ ತಲೆಯ ಹಿಂದೆ, ಅದಕ್ಕೆ ಕಾಣದ ಹಾಗೆ ಕೈ ಹಿಡಿದು, ಬೆರಳಿನಿಂದ ಚಿಟಿಕೆ ಹಾಕಿದಳು. ಮೆಣಸು ತಟ್ಟನೆ ತಿರುಗಿದಳು. ಇನ್ನೊಂದು ಕಿವಿಯ ಹಿಂದೆ. ಆ ಕಡೆ ತಿರುಗಿ ನಕ್ಕಳು.

ಆಗ ಸೊಸೆಗೆ ಸಿಟ್ಟು ಬಂತು. ಬರಲೇಬೇಕಿತ್ತು.

"ಎಷ್ಟು ದಿನದಿಂದ?"

"ಪೂರ್ತಿ ಹೋಗಿ ಐದಾರು ತಿಂಗಳು."

"ಅವಳು ಬಿದ್ದು ಕೂಗಿದ್ದರೆ ಅತ್ತೆ?"

"ಕೇಳಿಸ್ತಿರಲಿಲ್ಲ."

"ಬಚ್ಚಲಲ್ಲಿ ಸಿಕ್ಕಿಹಾಕ್ಕೊಂಡಿದ್ದರೆ?" ಎಂದವಳು ಅಲ್ಲೇ ನಿಂತಳು. ಬಚ್ಚಲ ಬಾಗಿಲ ಕಡೆ ನೋಡಿದಳು. "ಆ ಚಿಲಕ... ಇವರು ತೆಗೆದಿದ್ದು ಅಂದ್ಕೊಂಡಿದ್ದೆ. ರಿಪೇರಿಗೆ ಅಂತ." ಒಲೆಯ ಪಕ್ಕದ ಕನ್ನಡಿಯ ಕಡೆ ನೋಡಿದಳು. ಕೇಳಬೇಕೆಂದಿದ್ದ ಎಷ್ಟೋ ಪ್ರಶ್ನೆಗಳು ಅವಳ ಮುಖದ ಮೇಲೇ ಒಂದೊಂದಾಗಿ ಉತ್ತರ ಪಡೆಯುತ್ತಿದ್ದವು. ಆದರೂ ಸಿಟ್ಟು ಇಳಿಯಲಿಲ್ಲ. ನನ್ನ ಕಡೆ ತಿರುಗಿದಳು. "ದೊಡ್ಡತ್ತೆ, ನೀವೂನಾ?"

"ನಾನೂ," ಅಂದೆ.

"ಒಂದು ಮಾತು ಹೇಳಿದ್ದರೆ ನಾನು ಬೇರೆ ಏನಾದರೂ ದಾರಿ ನೋಡ್ತಿರಲಿಲ್ವಾ? ನನ್ನನ್ನ ಅಷ್ಟು ಕಲ್ಲು ಅಂದ್ಕೊಂಡ್ರಾ ನೀವಿಬ್ಬರೂ?"

ಇದನ್ನು ಅವಳು ನನ್ನ ಕಡೆ ತಿರುಗಿ ಕೇಳಿದಳು. ನಾದಿನಿಗೆ ಸಿಗಲಿಲ್ಲ. ಅವಳು ನೆಲದ ಮೇಲೆ ಕೂತೇ ನಮ್ಮಿಬ್ಬರ ಮುಖಗಳನ್ನು ಬದಲಿಸಿ ಬದಲಿಸಿ ನೋಡುತ್ತಿದ್ದಳು. ಕೋರ್ಟಿನಲ್ಲಿ ತನಗೆ ತಿಳಿಯದ ಭಾಷೆಯಲ್ಲಿ ತೀರ್ಪು ಓದುವಾಗ ನಿಂತವರ ಹಾಗೆ. ಅದು ಸೊಸೆಗೂ ಕಂಡಿತು. ಸೋಫಾದಿಂದ ಇಳಿದು ಅವಳೂ ನೆಲದ ಮೇಲೆ, ಎದುರಿಗೆ, ಮಂಡಿಗೆ ಮಂಡಿ ತಾಗುವ ಹಾಗೆ ಕೂತಳು. ಚಪ್ಪಲಿ ಇನ್ನೂ ಕಾಲಲ್ಲೇ ಇತ್ತು.

ಮೊದಲು ಫೋನು ತೆಗೆದಳು. "ಸೋಮವಾರ ಹತ್ತೂವರೆಯದು, ಹೆಸರು ಬದಲಾಯಿಸಬೇಕು. ಹೌದು, ಅದೇ ಟೈಮು. ಪೇಷೆಂಟ್ ಬೇರೆ. ವಯಸ್ಸು ನಾಲ್ಕಲ್ಲ ಮೇಡಂ, ಅರವತ್ತೇಳು." ಆ ಕಡೆಯವರು ಏನೋ ಕೇಳಿದರು. "ಇಲ್ಲ, ಅಳಲ್ಲ. ಆದರೆ ವಾದ ಮಾಡ್ತಾರೆ."

ಫೋನು ಇಟ್ಟು ನಾದಿನಿಯ ಕಡೆ ನೋಡಿದಳು. "ಪರೀಕ್ಷೆ ಆಗಲಿ. ಯಂತ್ರ ಹಾಕಿಕೊಳ್ಳೋದಾದರೆ ಹಾಕಿಕೊಳ್ಳಬೇಕು, ಚೆಂದ ಕಾಣಲ್ಲ ಅನ್ನೋ ಹಾಗಿಲ್ಲ."

"ಹ್ಞೂಂ," ಅಂದಳು ನಾದಿನಿ.

"ಹ್ಞೂಂ ಬೇಡ. ಅರ್ಥ ಆಯ್ತು ಅನ್ನಿ."

"ಅರ್ಥ ಆಯ್ತು."

"ಮೆಣಸು ಸೋಮವಾರದಿಂದ ಡೇಕೇರ್‌ಗೆ ಹೋಗಲಿ."

ನಾದಿನಿ ಕಣ್ಣು ಕೆಳಗೆ ಮಾಡಲಿಲ್ಲ. ಕೆಳಗೆ ಮಾಡಿದರೆ ಮುಂದಿನ ಮಾತು ತಪ್ಪಿಹೋಗುತ್ತದೆ. ನೀರು ತುಂಬಿದ ಕಣ್ಣನ್ನು ಸೊಸೆಯ ತುಟಿಯ ಮೇಲೇ ಇಟ್ಟುಕೊಂಡು ಕೂತಳು.

"ಪೂರ್ತಿ ವಾರ ಅಲ್ಲ," ಅಂದಳು ಸೊಸೆ, ಮೆಲ್ಲಗೆ. "ವಾರಕ್ಕೆ ಎರಡು ದಿನ ಇಲ್ಲೇ ಇರಲಿ. ದೊಡ್ಡತ್ತೆ ಇರೋ ದಿನ. ಇಬ್ಬರೂ ಇರಬೇಕು."

"ಮೂರು ದಿನ," ಅಂದಳು ನಾದಿನಿ.

"ಆಗಲ್ಲ ಅತ್ತೆ," ಎಂದು ಸೊಸೆ ಮಗುವಿನ ಚಡ್ಡಿ ಸರಿಮಾಡುವ ನೆಪದಲ್ಲಿ ಮುಖ ಆ ಕಡೆ ಮಾಡಿದಳು.

"ಕೇಳಿಸಲಿಲ್ಲ. ನನ್ನ ಕಡೆ ನೋಡಿ ಹೇಳು."

ಸೊಸೆ ತಿರುಗಿದಳು. ಹೇಳಲು ಬಾಯಿ ತೆರೆದಳು. ಎರಡು ಸಲ ತೆರೆದಳು. ಆ ಮುದುಕಿಯ ಮುಖವನ್ನು ಅಷ್ಟು ಹತ್ತಿರದಿಂದ ನೋಡಿಕೊಂಡು ಇಲ್ಲ ಅನ್ನುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು, ಆ ಮುಖಕ್ಕೇ ಸೋತು ಎರಡು ತಿಂಗಳು ಬಾಯಿ ಮುಚ್ಚಿಕೊಂಡಿದ್ದವಳು ನಾನು.

"ಎರಡು ದಿನ," ಅಂದಳು ಕೊನೆಗೆ. "ಮತ್ತೆ ಶನಿವಾರ ಅರ್ಧ ದಿನ. ಶನಿವಾರ ನಾನೂ ಎರಡು ಗಂಟೆಗೆ ಬರ್ತೀನಿ."

"ಎರಡೂವರೆ ದಿನ," ಅಂದಳು ನಾದಿನಿ, ಅಳತೆ ಸರಿಯಿದೆಯೇ ಎಂದು ನೋಡುವವಳ ಹಾಗೆ. ಆಮೇಲೆ ಕೈ ಚಾಚಿ, ಸೊಸೆಯ ಕೆನ್ನೆಯ ಮೇಲಿದ್ದ ಒದ್ದೆಯನ್ನು ಹೆಬ್ಬೆರಳಿನಿಂದ ಒರೆಸಿದಳು. "ಚಪ್ಪಲಿ ಬಿಟ್ಟು ಬಾ, ಟೀ ಇಡ್ತೀನಿ."

ಸೊಸೆ ಎದ್ದು ಬಾಗಿಲ ಹತ್ತಿರ ಹೋದಳು. ಮೆಣಸು ಅಮ್ಮನ ಹಿಂದೆಯೇ ಓಡಿ, ಬಗ್ಗಿದ್ದ ಅಮ್ಮನ ಗಲ್ಲ ಹಿಡಿದು ತಿರುಗಿಸಿ, ಬಾಯಿ ಅಗಲ ಮಾಡಿ ಸದ್ದಿಲ್ಲದೆ ಏನೋ ಹೇಳಿದಳು. ಸೊಸೆಗೆ ತಿಳಿಯಲಿಲ್ಲ. ನನ್ನ ಕಡೆ ನೋಡಿದಳು.

"ಅಳಬೇಡ ಅಂತಿದ್ದಾಳೆ," ಅಂದೆ.

"ಗಟ್ಟಿಯಾಗಿ ಹೇಳು ಪುಟ್ಟಾ," ಅಂದಳು ಸೊಸೆ. "ನನಗೆ ಕೇಳುತ್ತೆ."